ಅಡುಗೆಮನೆ ಪ್ರಶ್ನೋತ್ತರ: ಅಂಗಡಿಯ ಟ್ಯೂನಾ ಸಲಾಡ್ ಮನೆಯಲ್ಲೇಕೆ ನೀರಾಗುತ್ತದೆ?

ಪ್ರಶ್ನೆ: ನಮ್ಮ ಮಗ ಪುಣೆಯಲ್ಲಿ ಓದುವಾಗ ಅಲ್ಲಿನ ಒಂದು ಸ್ಯಾಂಡ್‌ವಿಚ್ ಅಂಗಡಿಯ ಟ್ಯೂನಾ ಸಲಾಡಿನ ರುಚಿ ಹತ್ತಿಸಿಕೊಂಡು ಬಂದಾನ. ಮನೆಯಲ್ಲೂ ಅದೇ ಬೇಕು ಅಂತಾನ. ಡಬ್ಬಿ ಟ್ಯೂನಾ ತಂದು ಮಯೋನೀಸ್, ಉಳ್ಳಾಗಡ್ಡಿ, ಸೌತೆಕಾಯಿ, ಟೊಮೆಟೊ ಹಾಕಿ ಎರಡು ಸಲ ಮಾಡಿದೆ. ಮಾಡಿದ ಕೂಡಲೇ ಚಲೋ ಕಾಣಸ್ತದ, ಅರ್ಧ ತಾಸಿನಾಗ ತಳಕ್ಕೆ ನೀರು ನಿಲ್ಲತದ, ಬ್ರೆಡ್ ಮುದ್ದೆ ಆಗತದ. ರುಚಿನೂ ಸಪ್ಪೆ. ಅಂಗಡಿಯವರು ಏನು ಹಾಕತಾರ?
— ಟಿಳಕವಾಡಿ, ಬೆಳಗಾವಿ

ಉತ್ತರ: ನಿಮ್ಮ ಸಲಾಡಿಗೆ ಯಾವ ಸಾಮಾನೂ ಕಡಿಮೆ ಬಿದ್ದಿಲ್ಲ, ನೀರು ಹೆಚ್ಚಾಗಿದೆ. ಸಪ್ಪೆಯಾಗುವುದಕ್ಕೂ ಅದೇ ಕಾರಣ. ಈ ಬಗೆಯ ಸಲಾಡಿನಲ್ಲಿ ಅಂಗಡಿಯವರು ಬಳಸುವ ಸಾಮಾನು ಬಹಳ ಕಡಿಮೆ. ಸಬ್‌ವೇ ಅನ್ನುವ ಸ್ಯಾಂಡ್‌ವಿಚ್ ಅಂಗಡಿಗಳು ತಮ್ಮ ಟ್ಯೂನಾ ಬಗ್ಗೆ ಹೇಳುವುದು ಕೂಡ ಇಷ್ಟೇ: ಬಿಡಿಸಿದ ಟ್ಯೂನಾ, ಮಯೋನೀಸ್. ಗುಟ್ಟಿನ ಮಸಾಲೆ ಹುಡುಕುತ್ತ ಹೋದರೆ ದಾರಿ ತಪ್ಪುತ್ತದೆ. ನೀರು ಎಲ್ಲೆಲ್ಲಿಂದ ಬರುತ್ತದೆ ಅಂತ ನೋಡೋಣ.

ಮೊದಲನೆಯದು ಡಬ್ಬಿ. 185 ಗ್ರಾಂ ಅಂತ ಬರೆದ ಡಬ್ಬಿಯಲ್ಲಿ ಮೀನು ಇರುವುದು ಸುಮಾರು 120ರಿಂದ 130 ಗ್ರಾಂ, ಉಳಿದದ್ದು ಉಪ್ಪುನೀರು ಅಥವಾ ಎಣ್ಣೆ. ಲೇಬಲ್ಲಿನ ಮೇಲೆ ಒಟ್ಟು ತೂಕ, ಸೋಸಿದ ತೂಕ ಎರಡನ್ನೂ ಮುದ್ರಿಸಿರುತ್ತಾರೆ, ಎರಡನೆಯದನ್ನು ನೋಡಿ ಕೊಳ್ಳಿರಿ. ಮುಚ್ಚಳ ಒತ್ತಿ ನೀರು ಬಸಿದರೆ ಸಾಲದು. ಮೀನನ್ನು ಜರಡಿಗೆ ಸುರಿದು ಐದು ನಿಮಿಷ ಬಿಡಿ. ಆಮೇಲೆ ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿ, ಶ್ರೀಖಂಡಕ್ಕೆ ಚಕ್ಕಾ ಹಿಂಡಿದ ಹಾಗೆ ತಿರುವಿ ಹಿಂಡಿ. ಸೋಸಿ ಆಯಿತು ಅಂದುಕೊಂಡ ಮೀನಿನಿಂದಲೇ ಇನ್ನೂ ಎರಡು ಮೂರು ಚಮಚ ಮಸುಕು ನೀರು ಬೀಳುತ್ತದೆ. ನಿಮ್ಮ ಪಾತ್ರೆಯ ತಳದಲ್ಲಿ ನಿಂತ ನೀರಿನ ಒಂದು ಪಾಲು ಇದೇ.

ಹಿಂಡಿದ ಮೀನು ಗಟ್ಟಿ ಉಂಡೆಯಾಗಿರುತ್ತದೆ. ಅದನ್ನು ಅಗಲ ತಟ್ಟೆಗೆ ಹಾಕಿ, ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಹಿಟ್ಟಿಗೆ ಬೆಣ್ಣೆ ಉಜ್ಜಿದಂತೆ ಉಜ್ಜಿ. ಬಿಲ್ಲೆಯಂಥ ಚೂರುಗಳೆಲ್ಲ ಬಿಚ್ಚಿಕೊಂಡು ಸಣ್ಣ ಶಾವಿಗೆ ಮುರಿದು ಹರಡಿದಂತೆ ಎಳೆ ಎಳೆಯಾಗಬೇಕು. ಮುಟ್ಟಿದರೆ ಬೆರಳಿಗೆ ತೇವ ಹತ್ತಬಾರದು. ಅಂಗಡಿಯ ಸಲಾಡ್ ಬೆಣ್ಣೆಯಂತೆ ಹರಡಲು ಬರುವುದು ಈ ಎಳೆಗಳಿಂದಲೇ. ದಪ್ಪ ಚೂರಿದ್ದರೆ ಮಯೋನೀಸ್ ಅದರ ಹೊರಗಷ್ಟೇ ಅಂಟುತ್ತದೆ, ಬಾಯಲ್ಲಿ ಒಣ ಮೀನು ಬೇರೆ, ಮಯೋನೀಸ್ ಬೇರೆ ಅನ್ನಿಸುತ್ತದೆ. ಮಿಕ್ಸಿಗೆ ಮಾತ್ರ ಹಾಕಬೇಡಿ. ಕೆಲವೇ ಸೆಕೆಂಡಿನಲ್ಲಿ ಚಟ್ನಿಯಾಗುತ್ತದೆ, ಆಮೇಲೆ ಸರಿಪಡಿಸಲು ಬರುವುದಿಲ್ಲ.

ಎರಡನೆಯದು ಕಾಯಿಪಲ್ಯೆ. ಟೊಮೆಟೊ ಸಲಾಡಿನೊಳಗೆ ಬೇಡವೇ ಬೇಡ, ಬೇಕಿದ್ದರೆ ತಿನ್ನುವಾಗ ಬ್ರೆಡ್ಡಿನ ಮೇಲೆ ಬಿಲ್ಲೆ ಇಟ್ಟುಕೊಳ್ಳಿ. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ಬೀಜದ ತಿರುಳನ್ನು ಚಮಚದಿಂದ ಕೆರೆದು ತೆಗೆಯಿರಿ. ಉಳಿದದ್ದನ್ನು ಸಣ್ಣಗೆ ಹೆಚ್ಚಿ, ಕಾಲು ಟೀ ಚಮಚ ಉಪ್ಪು ಕಲಸಿ 15 ನಿಮಿಷ ಇಟ್ಟು ಹಿಂಡಿ. ಹೀಗೆ ಮೊದಲೇ ನೀರು ಬಿಡಿಸದಿದ್ದರೆ ಮೀನು ಮತ್ತು ಮಯೋನೀಸಿನಲ್ಲಿರುವ ಉಪ್ಪು ಅದೇ ನೀರನ್ನು ಸಲಾಡಿನೊಳಗೆ ಎಳೆಯುತ್ತದೆ.

ಹೊರದೇಶದ ಅಂಗಡಿಗಳಲ್ಲಿ ಕರುಂ ಕರುಂ ಅನ್ನಲು ಸೆಲರಿ ದಂಟು ಹಾಕುತ್ತಾರೆ. ನಮ್ಮ ಸಂತೆಯಲ್ಲಿ ಸಿಗುವ ಎಳೆಯ ನವಲಕೋಲ ಆ ಕೆಲಸವನ್ನು ಸೌತೆಕಾಯಿಗಿಂತ ಚೆನ್ನಾಗಿ ಮಾಡುತ್ತದೆ. ದಪ್ಪಗೆ ಸಿಪ್ಪೆ ತೆಗೆದು, ಸಾಸಿವೆ ಕಾಳಿನ ಎರಡರಷ್ಟು ಸಣ್ಣಗೆ ಹೆಚ್ಚಿ ಹಾಕಿ. ನೀರು ಕಡಿಮೆ ಬಿಡುತ್ತದೆ, ಮರುದಿನವೂ ಗರಿಯಾಗಿರುತ್ತದೆ.

ಮೂರನೆಯದು ಮಯೋನೀಸ್. ಬಾಟಲಿಯ ಹಿಂದಿನ ಪಟ್ಟಿಯಲ್ಲಿ 100 ಗ್ರಾಂಗೆ ಕೊಬ್ಬು ಎಷ್ಟಿದೆ ಓದಿ. 70 ಗ್ರಾಂ ಆಸುಪಾಸು ಇದ್ದರೆ ಅದು ಗಟ್ಟಿ ಮಯೋನೀಸ್. 30–40 ಗ್ರಾಂ ಇದ್ದರೆ ಉಳಿದದ್ದರಲ್ಲಿ ಹೆಚ್ಚಿನ ಪಾಲು ನೀರು, ಜೊತೆಗೆ ಪಿಷ್ಟ, ಸಕ್ಕರೆ. ಮೊಟ್ಟೆಯಿಲ್ಲದ ಮಯೋನೀಸುಗಳಲ್ಲಿ ಹಲವು ಈ ಎರಡನೇ ಗುಂಪಿನವು, ಸಿಹಿಯೂ ಹೆಚ್ಚು. ಅಮೆರಿಕದ ಅಂಗಡಿಗಳು ಸಲಾಡಿಗೆಂದೇ ಎಣ್ಣೆ, ಮೊಟ್ಟೆಯ ಹಳದಿ ಎರಡೂ ಹೆಚ್ಚಿರುವ ಬಹಳ ಗಟ್ಟಿಯಾದ ಮಯೋನೀಸ್ ತರಿಸುತ್ತವೆ, ಕಾಯಿಪಲ್ಯೆಯ ನೀರು ಬಿದ್ದರೂ ಅದು ತೆಳುವಾಗಬಾರದು ಅಂತ.

ಇನ್ನು ಅಳತೆ. ಉಪ್ಪುನೀರಿನ ಟ್ಯೂನಾ 185 ಗ್ರಾಮಿನ ಎರಡು ಡಬ್ಬಿ (ಹಿಂಡಿದ ಮೇಲೆ 210–220 ಗ್ರಾಂ ಉಳಿಯುತ್ತದೆ), ಗಟ್ಟಿ ಮಯೋನೀಸ್ 5 ದೊಡ್ಡ ಚಮಚ, ಅಂದರೆ ಸುಮಾರು 70 ಗ್ರಾಂ, ನವಲಕೋಲ 40 ಗ್ರಾಂ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ 1 ದೊಡ್ಡ ಚಮಚ, ಹೆಚ್ಚಿ ಹಿಂಡಿದ ಉಪ್ಪಿನ ಮಿಡಿಸೌತೆ (ಗರ್ಕಿನ್) 1 ದೊಡ್ಡ ಚಮಚ, ಲಿಂಬೆರಸ 1 ಟೀ ಚಮಚ, ಕರಿಮೆಣಸಿನ ಪುಡಿ ಕಾಲು ಟೀ ಚಮಚ, ಸಕ್ಕರೆ ಎರಡು ಚಿಟಿಕೆ. ಇದು ಐದಾರು ಸ್ಯಾಂಡ್‌ವಿಚ್ಚಿಗೆ ಆಗುತ್ತದೆ. ಹಿಂಡಿದ ಮೀನು ಮೂರು ಪಾಲು, ಮಯೋನೀಸ್ ಒಂದು ಪಾಲು ಅಂತ ನೆನಪಿಟ್ಟುಕೊಂಡರೆ ಎಷ್ಟಕ್ಕೂ ಲೆಕ್ಕ ಹಾಕಬಹುದು.

ನಮ್ಮ ಉಳ್ಳಾಗಡ್ಡಿಗೆ ಘಾಟು ಜಾಸ್ತಿ. ಹೆಚ್ಚಿದ್ದನ್ನು ತಣ್ಣೀರಿನಲ್ಲಿ 10 ನಿಮಿಷ ನೆನೆಸಿ, ಬಟ್ಟೆಯಲ್ಲಿ ಒರೆಸಿ ಹಾಕಿ. ಇಂಡಿ ಕಡೆಯ ಸಣ್ಣ ಲಿಂಬೆಹಣ್ಣಿನ ಹುಳಿ ತೀಕ್ಷ್ಣ, ಅದಾದರೆ ಅರ್ಧ ಟೀ ಚಮಚದಿಂದ ಶುರು ಮಾಡಿ ರುಚಿ ನೋಡುತ್ತ ಹೋಗಿ. ಉಪ್ಪಿನಲ್ಲಿ ಹಾಕಿದ ಮಿಡಿಸೌತೆ ಬಾಟಲಿಯಲ್ಲಿ ಸಿಗುತ್ತದೆ. ಕರ್ನಾಟಕದಲ್ಲೇ ಬೆಳೆದು ಹೊರದೇಶಕ್ಕೆ ಹೋಗುವ ಬೆಳೆ ಅದು. ಸಕ್ಕರೆ ನೋಡಿ ಹಿಂಜರಿಯಬೇಡಿ. ಅದು ಸಿಹಿ ಮಾಡಲು ಅಲ್ಲ, ಡಬ್ಬಿ ಮೀನಿನ ಲೋಹದಂಥ ರುಚಿಯನ್ನು ತಗ್ಗಿಸಲು. ಸಿಹಿ ಮಯೋನೀಸ್ ಬಳಸಿದರೆ ಸಕ್ಕರೆ ಬಿಟ್ಟುಬಿಡಿ.

ಬಿಡಿಸಿದ ಮೀನಿಗೆ ಮೊದಲು ಲಿಂಬೆರಸ, ಮೆಣಸು, ಸಕ್ಕರೆ. ಆಮೇಲೆ ಮಯೋನೀಸಿನಲ್ಲಿ ಮೂರು ಚಮಚ ಹಾಕಿ ಕೈಯಿಂದಲೇ ಕಲಸಿ. ಕೊನೆಗೆ ಕಾಯಿಪಲ್ಯೆ ಮತ್ತು ಉಳಿದ ಎರಡು ಚಮಚ ಹಾಕಿ ಚಮಚದಿಂದ ಮಗುಚಿ. ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಕನಿಷ್ಠ ಎರಡು ತಾಸು ಇಡಿ, ರಾತ್ರಿ ಮಾಡಿ ಮುಂಜಾನೆ ತಿಂದರೆ ಇನ್ನೂ ಒಳ್ಳೆಯದು. ಎಳೆಗಳು ಮಯೋನೀಸನ್ನು ಹೀರಿಕೊಂಡು ಸಲಾಡ್ ಬಿಗಿಯಾಗುತ್ತದೆ, ಉಳ್ಳಾಗಡ್ಡಿಯ ಘಾಟು ಇಳಿಯುತ್ತದೆ. ಉಪ್ಪನ್ನು ತಂಪಾದ ಮೇಲೆಯೇ ನೋಡಿ ಹಾಕಿ. ತಣ್ಣಗಿದ್ದಾಗ ನಾಲಿಗೆಗೆ ರುಚಿ ಕಡಿಮೆ ತಿಳಿಯುತ್ತದೆ. ಬೆಚ್ಚಗಿದ್ದಾಗ ಸರಿ ಅನ್ನಿಸಿದ ಸಲಾಡ್ ಫ್ರಿಜ್ಜಿನಿಂದ ತೆಗೆದಾಗ ಸಪ್ಪೆ ಆಗುವುದು ಹೀಗೆ.

ಇಷ್ಟಾದರೂ ಸಡಿಲವಾಗಿದ್ದರೆ ಬ್ರೆಡ್ಡನ್ನು ಒಣಗಿಸಿ ಮಾಡಿದ ಪುಡಿ ಒಂದು ದೊಡ್ಡ ಚಮಚ ಕಲಸಿ. ಹೊರದೇಶದ ಹಳೆಯ ಡೆಲಿಗಳಲ್ಲೂ, ಅಂದರೆ ಸಿದ್ಧ ಸಲಾಡ್, ಸ್ಯಾಂಡ್‌ವಿಚ್ ಮಾರುವ ಅಂಗಡಿಗಳಲ್ಲೂ, ಈ ಪದ್ಧತಿ ಇದೆ. ಬೇಕರಿಯ ಟೋಸ್ಟ್ ಪುಡಿ ಮಾತ್ರ ಹಾಕಬೇಡಿ, ಅದರಲ್ಲಿ ಸಕ್ಕರೆ, ಕೆಲವೊಮ್ಮೆ ಏಲಕ್ಕಿಯೂ ಇರುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಎಣ್ಣೆಯಲ್ಲಿಟ್ಟ ಟ್ಯೂನಾ ಡಬ್ಬಿ ಮಾತ್ರ ಸಿಕ್ಕಿತು. ನೀರಿನಲ್ಲಿ ತೊಳೆದು ಬಳಸಬಹುದೇ?
— ಗೋಕಾಕ

ಉತ್ತರ: ತೊಳೆಯಬೇಡಿ. ಎಣ್ಣೆ ಪೂರ್ತಿ ಹೋಗುವುದಿಲ್ಲ, ಮೀನಿನ ರುಚಿ ಹೋಗುತ್ತದೆ, ಮೇಲೆ ನೀರು ಸೇರಿಕೊಳ್ಳುತ್ತದೆ. ಜರಡಿಯಲ್ಲಿ ಸೋಸಿ, ಚಮಚದ ಬೆನ್ನಿನಿಂದ ಒತ್ತಿ, ಮಯೋನೀಸನ್ನು 5 ಚಮಚದ ಬದಲು 4 ಹಾಕಿ, ಲಿಂಬೆರಸ ಅರ್ಧ ಚಮಚ ಹೆಚ್ಚಿಸಿ. ಮಸಾಲೆ ಹಾಕಿದ ಡಬ್ಬಿಗಳೂ ಸಿಗುತ್ತವೆ, ಅವು ಈ ಸಲಾಡಿಗೆ ಹೊಂದುವುದಿಲ್ಲ.

ಪ್ರಶ್ನೆ: ಬೆಳಗಾವಿಗೆ ದಿನಾಲೂ ತಾಜಾ ಮೀನು ಬರುವಾಗ ಡಬ್ಬಿ ಯಾಕೆ ಬೇಕು? ತಾಜಾ ಟ್ಯೂನಾ ತಂದು ಬೇಯಿಸಿ ಮಾಡಿದರೆ ಹೆಚ್ಚು ರುಚಿ ಬರುವುದಿಲ್ಲವೇ?
— ಶಹಾಪುರ, ಬೆಳಗಾವಿ

ಉತ್ತರ: ರುಚಿ ಬರುತ್ತದೆ, ಆದರೆ ಅಂಗಡಿಯ ರುಚಿ ಬರುವುದಿಲ್ಲ. ಈ ಸಲಾಡ್ ಬೆಳೆದದ್ದೇ ಡಬ್ಬಿ ಮೀನಿನ ಜೊತೆ. 1903ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಪೆಡ್ರೊದಲ್ಲಿ ಸಾರ್ಡೀನ್ ಮೀನು ಸಾಕಷ್ಟು ಸಿಗದೆ ಹೋದಾಗ ಕಾರ್ಖಾನೆಯವರು ಟ್ಯೂನಾ ತುಂಬಲು ಶುರು ಮಾಡಿದರು. ಡಬ್ಬಿಯ ಟ್ಯೂನಾ ಎರಡು ಸಲ ಬೆಂದಿರುತ್ತದೆ, ಒಮ್ಮೆ ಹಬೆಯಲ್ಲಿ, ಇನ್ನೊಮ್ಮೆ ಡಬ್ಬಿ ಮುಚ್ಚಿದ ಮೇಲೆ ಒತ್ತಡದಲ್ಲಿ 115 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ. ಆ ಎರಡನೇ ಬೇಯುವಿಕೆಯಿಂದಲೇ ಎಳೆ ಸಡಿಲವಾಗುವುದು, ಆ ವಿಶಿಷ್ಟ ವಾಸನೆ ಬರುವುದು. ಮನೆಯ ಪಾತ್ರೆಯಲ್ಲಿ ಅದು ಆಗುವುದಿಲ್ಲ.

ಆದರೂ ತಾಜಾ ಮೀನಿನಲ್ಲೇ ಮಾಡಬೇಕೆಂದಿದ್ದರೆ ಹೀಗೆ ಮಾಡಿ. ಮಾಲ್ವಣ, ಗೋವಾ ಕಡೆಯ ಮೀನು ಮಾರುವವರಲ್ಲಿ ಕುಪ್ಪಾ ಅಥವಾ ಗೇದರ್ ಅಂತ ಕೇಳಿ. ಮುಳ್ಳಿಲ್ಲದ 500 ಗ್ರಾಂ ತುಂಡು ತನ್ನಿ. ನಡುವೆ ಕಪ್ಪುಗೆಂಪು ಪಟ್ಟಿಯಂಥ ಮಾಂಸ ಇರುತ್ತದೆ, ಅದನ್ನು ಚಾಕುವಿನಿಂದ ಪೂರ್ತಿ ಕೆತ್ತಿ ತೆಗೆಯಿರಿ. ಕಹಿ, ಗಾಢ ವಾಸನೆ ಎರಡೂ ಅದರದ್ದೇ. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಒಂದು ದಾಲ್ಚಿನ್ನಿ ಎಲೆ ಹಾಕಿ ಕಾಯಿಸಿ, ಮೀನು ಬಿಟ್ಟು ಉರಿ ಇಳಿಸಿ. ತಳದಿಂದ ಸಣ್ಣ ಗುಳ್ಳೆ ಏಳುತ್ತಿರಬೇಕು, ಕೊತಕೊತ ಕುದಿಯಬಾರದು. ಕುದಿದರೆ ಎಳೆ ಬಿಗಿದು ಹಗ್ಗದಂತಾಗುತ್ತದೆ. 12ರಿಂದ 15 ನಿಮಿಷ ಸಾಕು. ತೆಗೆದು, ಬಿಸಿ ಇಳಿದ ಕೂಡಲೇ ಫ್ರಿಜ್ಜಿಗೆ ಹಾಕಿ ಮರುದಿನ ಬಿಡಿಸಿ. ಡಬ್ಬಿ ಮೀನಿಗಿಂತ ಇದು ಒಣಗಿರುವುದರಿಂದ ಹಿಂಡುವುದು ಬೇಡ, ಮಯೋನೀಸ್ ಒಂದು ಚಮಚ ಹೆಚ್ಚು ಹಿಡಿಯುತ್ತದೆ.

ಒಂದು ಎಚ್ಚರಿಕೆಯನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಟ್ಯೂನಾ ಹಿಡಿದಲ್ಲಿಂದ ಅಡುಗೆಮನೆಯವರೆಗೆ ಬರ್ಫದಲ್ಲೇ ಇರಬೇಕು. ಘಟ್ಟ ಹತ್ತಿ ಬರುವ ದಾರಿಯಲ್ಲಿ ಅದು ಬೆಚ್ಚಗಾದರೆ ಬ್ಯಾಕ್ಟೀರಿಯಾಗಳು ಮೀನಿನಲ್ಲಿರುವ ಹಿಸ್ಟಿಡಿನ್ ಎಂಬ ಅಂಶವನ್ನು ಮೈಗೆ ಆಗದ ಹಿಸ್ಟಮಿನ್ ಎಂಬ ವಸ್ತುವಾಗಿ ಬದಲಿಸುತ್ತವೆ. ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಅಂಥ ಮೀನು ತಿಂದವರಿಗೆ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರುತ್ತದೆ. ಬರ್ಫದ ಮೇಲಿಡದ ತುಂಡು, ಕಂದು ತಿರುಗಿದ ತುಂಡು ಕೊಳ್ಳಬೇಡಿ. ತಿನ್ನುವಾಗ ನಾಲಿಗೆ ಮೆಣಸು ಕಡಿದಂತೆ ಚುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ, ಮೈ ತುರಿಸಿದರೆ ಅಥವಾ ಉಸಿರಾಡಲು ಕಷ್ಟವಾದರೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮನೆಯಲ್ಲೇ ಮಯೋನೀಸ್ ಮಾಡಬೇಕೆಂದಿದ್ದೇನೆ. ಹಸಿ ಮೊಟ್ಟೆ ಬೇಡ ಅಂತ ಕೇಳಿದೆ. ಹಾಲಿನಿಂದಲೂ ಬರುತ್ತದಂತೆ. ಆದರೆ ಮೀನಿನ ಜೊತೆ ಹಾಲು, ಮೊಸರು ತಿಂದರೆ ತೊನ್ನು ಬರುತ್ತದೆ ಅಂತ ಅತ್ತೆಯವರು ಬೇಡ ಅನ್ನುತ್ತಾರೆ. ಏನು ಮಾಡಲಿ?
— ವಿದ್ಯಾಗಿರಿ, ಬಾಗಲಕೋಟೆ

ಉತ್ತರ: ಹಸಿ ಮೊಟ್ಟೆಯ ವಿಷಯದಲ್ಲಿ ನೀವು ಕೇಳಿದ್ದು ಸರಿ. ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಭಯ ಅದು. ತೆಲಂಗಾಣ ಸರ್ಕಾರ 2024ರ ಅಕ್ಟೋಬರ್ ಕೊನೆಯಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನು ಒಂದು ವರ್ಷ ನಿಷೇಧಿಸಿತ್ತು. ಒಳ್ಳೆಯ ಕಂಪನಿಯ ಬಾಟಲಿ ಮಯೋನೀಸಿಗೆ ಪಾಶ್ಚರೀಕರಿಸಿದ, ಅಂದರೆ ಹದವಾಗಿ ಕಾಯಿಸಿ ಬ್ಯಾಕ್ಟೀರಿಯಾ ಕೊಂದ ಮೊಟ್ಟೆ ಬಳಸುತ್ತಾರೆ, ಹುಳಿಯೂ ಅಳತೆಯಲ್ಲಿರುತ್ತದೆ.

ಹಾಲಿನ ಮಯೋನೀಸಿಗೆ ಹಾಲು ಒಂದು ಪಾಲು, ಎಣ್ಣೆ ಎರಡು ಪಾಲು. ಕಾಯಿಸಿ ಆರಿಸಿ ಫ್ರಿಜ್ಜಿನಲ್ಲಿಟ್ಟ ಗಟ್ಟಿ ಹಾಲು 100 ಮಿ.ಲೀ., ರಿಫೈಂಡ್ ಎಣ್ಣೆ 200 ಮಿ.ಲೀ., ಸಾಸಿವೆ ಪುಡಿ ಅರ್ಧ ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಲಿಂಬೆರಸ 2 ಟೀ ಚಮಚ. ಗಾಣದ ಶೇಂಗಾ ಎಣ್ಣೆ, ಗಾಣದ ಕುಸುಬಿ ಎಣ್ಣೆ ನಮ್ಮ ಭಾಗದ ಹೆಮ್ಮೆ ನಿಜ, ಆದರೆ ಇಲ್ಲಿ ಅವುಗಳ ವಾಸನೆಯೇ ಮೇಲಾಗುತ್ತದೆ. ಸೂರ್ಯಕಾಂತಿ ಅಥವಾ ರಿಫೈಂಡ್ ಕುಸುಬಿ ಬಳಸಿ. ಮಿಕ್ಸಿಯ ಸಣ್ಣ ಜಾರನ್ನು ಅರ್ಧ ತಾಸು ಫ್ರಿಜ್ಜಿನಲ್ಲಿಡಿ. ಹಾಲು, ಸಾಸಿವೆ, ಉಪ್ಪು ಹಾಕಿ ತಿರುಗಿಸುತ್ತ, ಮುಚ್ಚಳದ ತೂತಿನಿಂದ ಎಣ್ಣೆಯನ್ನು ನೂಲಿನಂತೆ ಬಿಡಿ. ಮುಚ್ಚಳದಲ್ಲಿ ತೂತಿಲ್ಲದಿದ್ದರೆ ಎರಡೆರಡು ಚಮಚ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಗಟ್ಟಿಯಾದ ಮೇಲೆ ಲಿಂಬೆರಸ. ಎಣ್ಣೆ ಒಮ್ಮೆಲೇ ಬಿದ್ದರೆ, ಜಾರ್ ಬಿಸಿಯಾದರೆ ಒಡೆಯುತ್ತದೆ. ಒಡೆದದ್ದನ್ನು ಚೆಲ್ಲಬೇಡಿ. ಬೇರೆ ಜಾರಿನಲ್ಲಿ ಎರಡು ದೊಡ್ಡ ಚಮಚ ತಣ್ಣನೆಯ ಹಾಲು ಹಾಕಿ ತಿರುಗಿಸುತ್ತ, ಒಡೆದದ್ದನ್ನು ಎಣ್ಣೆಯಂತೆಯೇ ನಿಧಾನ ಸುರಿದರೆ ಮತ್ತೆ ಕೂಡುತ್ತದೆ.

ಎಣ್ಣೆ ಕಡಿಮೆ ಬೇಕೆನ್ನುವವರು ಮಯೋನೀಸಿನ ಅರ್ಧದಷ್ಟು ಚಕ್ಕಾ ಹಾಕಬಹುದು, 35 ಗ್ರಾಂ ಮಯೋನೀಸಿಗೆ 35 ಗ್ರಾಂ ಚಕ್ಕಾ. ಆಗ ಲಿಂಬೆರಸ ಬೇಡ.

ತೊನ್ನಿನ ಮಾತು ನಮ್ಮ ಮನೆಗಳಲ್ಲಿ ತಲೆಮಾರಿನಿಂದ ಬಂದಿದೆ. ದೇಹದ ರೋಗನಿರೋಧಕ ಶಕ್ತಿಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ನಾಶ ಮಾಡುವುದರಿಂದ ತೊನ್ನು ಬರುತ್ತದೆ, ಮೀನು ಮತ್ತು ಹಾಲು ಕೂಡಿ ತಿಂದರೆ ಬರುತ್ತದೆ ಅನ್ನಲು ಆಧಾರವಿಲ್ಲ. ಹಾಗಂತ ಹಿರಿಯರ ಮನಸ್ಸು ನೋಯಿಸಿ ಮಾಡಬೇಕಾಗಿಯೂ ಇಲ್ಲ. ಅತ್ತೆಯವರು ಒಪ್ಪದಿದ್ದರೆ ಬಾಟಲಿಯ ಮೊಟ್ಟೆ ಮಯೋನೀಸ್ ಬಳಸಿ, ಈ ಸಲಾಡಿಗೆ ರುಚಿಯೂ ಅದೇ ಮೇಲು.

ಪ್ರಶ್ನೆ: ಬ್ರೆಡ್ ಒದ್ದೆಯಾಗದಂತೆ ಹೇಗೆ ಕಟ್ಟಬೇಕು? ಲೆಟ್ಯೂಸ್ ನಮ್ಮಲ್ಲಿ ಸಿಗುವುದಿಲ್ಲ.
— ಜಮಖಂಡಿ

ಉತ್ತರ: ಅವತ್ತೇ ಬಂದ ಮೆತ್ತನೆಯ ಬ್ರೆಡ್ಡಿಗಿಂತ ಒಂದು ದಿನ ಹಳೆಯದು ಒಳ್ಳೆಯದು. ಎರಡೂ ತುಂಡಿನ ಒಳಮೈಗೆ ಅಂಚಿನವರೆಗೆ ಬೆಣ್ಣೆ ಹಚ್ಚಿ, ಬೆಣ್ಣೆಯ ಪದರ ದಾಟಿ ನೀರು ಬ್ರೆಡ್ಡಿಗೆ ಇಳಿಯುವುದಿಲ್ಲ. ಕೆಳಗಿನ ತುಂಡಿನ ಮೇಲೆ ಸೊಪ್ಪು, ಅದರ ಮೇಲೆ 60–70 ಗ್ರಾಂ ಸಲಾಡ್. ಟೊಮೆಟೊ ಬಿಲ್ಲೆ ಇಡುವುದಾದರೆ ಬಟ್ಟೆಯಲ್ಲಿ ಒತ್ತಿ ಒಣಗಿಸಿ ಇಡಿ.

ಲೆಟ್ಯೂಸ್ ಸಿಗದಿದ್ದರೆ ಕೊರಗಬೇಡಿ, ಹಕ್ಕರಕಿ ಸೊಪ್ಪು ಇದೆಯಲ್ಲ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಈ ಸೊಪ್ಪು ಸಸ್ಯಶಾಸ್ತ್ರದ ಲೆಕ್ಕದಲ್ಲೂ ಲೆಟ್ಯೂಸಿನ ಕುಟುಂಬದ್ದೇ. ಎಳೆ ಎಲೆ ಆರಿಸಿ, ಎರಡು ಮೂರು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಪೂರ್ತಿ ಆರಿಸಿ. ಅದರ ಸಣ್ಣ ಕಹಿ ಮಯೋನೀಸಿನ ಜಿಡ್ಡನ್ನು ಚೆನ್ನಾಗಿ ಕತ್ತರಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಟ್ಯೂನಾ ಸಲಾಡಿಗೆ ಲೆಟ್ಯೂಸಿಗಿಂತ ಹಕ್ಕರಕಿಯೇ ಹೆಚ್ಚು ಹೊಂದುತ್ತದೆ. ಕಡಕ್ ರೊಟ್ಟಿಯ ತುಂಡಿನ ಮೇಲೂ ಈ ಸಲಾಡ್ ಚೆನ್ನ, ಆದರೆ ಹಾಕಿದ ಕೂಡಲೇ ತಿನ್ನಬೇಕು, ಐದು ನಿಮಿಷದಲ್ಲಿ ರೊಟ್ಟಿ ಮೆತ್ತಗಾಗುತ್ತದೆ.

ಪ್ರಶ್ನೆ: ಮಗಳ ಶಾಲೆಯ ಡಬ್ಬಿಗೆ ಕಟ್ಟಿಕೊಡಬಹುದೇ? ಮಕ್ಕಳಿಗೆ ಟ್ಯೂನಾದಲ್ಲಿ ಪಾದರಸ ಇರುತ್ತದೆ ಅಂತಾರಲ್ಲ?
— ವಿಜಯಪುರ

ಉತ್ತರ: ಬೇಸಿಗೆಯಲ್ಲಿ ಬೇಡ. 32 ಡಿಗ್ರಿ ದಾಟಿದ ಬಿಸಿಲಲ್ಲಿ ಈ ಸಲಾಡ್ ಹೊರಗೆ ಒಂದು ತಾಸಿಗಿಂತ ಹೆಚ್ಚು ಇರಬಾರದು, ಉಳಿದ ದಿನಗಳಲ್ಲಿ ಎರಡು ತಾಸು. ಮಾರ್ಚ್‌ನಿಂದ ಮೇ ತನಕ ವಿಜಯಪುರದ ಬಿಸಿಲು ನಿಮಗೇ ಗೊತ್ತು. ಚಳಿಗಾಲದಲ್ಲಿ ಕೊಡುವುದಾದರೆ ಸಲಾಡನ್ನು ರಾತ್ರಿಯೇ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ತಂಪು ಮಾಡಿ, ಬರ್ಫದ ಪ್ಯಾಕಿನ ಜೊತೆ ಇಟ್ಟು, ಬ್ರೆಡ್ ಬೇರೆ ಕೊಡಿ. ಮಗಳು ತಿನ್ನುವಾಗ ತಾನೇ ಹಚ್ಚಿಕೊಳ್ಳಲಿ.

ಪಾದರಸ ಎಲ್ಲ ಟ್ಯೂನಾದಲ್ಲೂ ಇರುತ್ತದೆ, ದೊಡ್ಡ ಜಾತಿಗಳಲ್ಲಿ ಹೆಚ್ಚು. ಡಬ್ಬಿಯ ಮೇಲೆ ಸ್ಕಿಪ್‌ಜಾಕ್ ಅಂತಿದ್ದರೆ ಅದು ಸಣ್ಣ ಜಾತಿ, ಪಾದರಸ ಕಡಿಮೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಗರ್ಭಿಣಿಯರಿಗೆ ಇದನ್ನು ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು 113 ಗ್ರಾಂ ತಿನ್ನಬಹುದು ಅನ್ನುತ್ತದೆ. ಯೆಲ್ಲೋಫಿನ್ ಎಂಬ ದೊಡ್ಡ ಜಾತಿ ಆದರೆ ವಾರಕ್ಕೆ ಒಂದೇ ಸಲ. ಮಕ್ಕಳಿಗೆ ವಯಸ್ಸು ನೋಡಿ ಇದಕ್ಕಿಂತ ಕಡಿಮೆ ಕೊಡಿ.

ಪ್ರಶ್ನೆ: ಒಂದೇ ಸಲ ಹೆಚ್ಚು ಮಾಡಿ ಫ್ರೀಜರಿನಲ್ಲಿ ಇಡಬಹುದೇ?
— ಚಿಕ್ಕೋಡಿ

ಉತ್ತರ: ಬೇಡ. ಹೆಪ್ಪುಗಟ್ಟಿ ಕರಗಿದ ಮಯೋನೀಸ್ ಒಡೆದು ಎಣ್ಣೆ ಬಿಡುತ್ತದೆ, ನವಲಕೋಲ ಮೆತ್ತಗಾಗುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ ಇಟ್ಟು ತಿನ್ನಿ, ಪ್ರತಿ ಸಲ ಒಣ ಚಮಚದಿಂದ ತೆಗೆಯಿರಿ. ಒಂದೇ ಡಬ್ಬಿ ಬಳಸಿ ಮೀನು ಉಳಿದರೆ ಅದೇ ಡಬ್ಬಿಯಲ್ಲಿ ಬಿಡದೆ ಸ್ಟೀಲ್ ಅಥವಾ ಗಾಜಿನ ಪಾತ್ರೆಗೆ ಹಾಕಿ ಎರಡು ದಿನದಲ್ಲಿ ಮುಗಿಸಿ. ಉಬ್ಬಿದ, ಸೋರುವ ಡಬ್ಬಿಯನ್ನು ತೆರೆಯಲೂ ಹೋಗದೆ ಎಸೆದುಬಿಡಿ.